ಡೆಂಗಿ ಜ್ವರದಲ್ಲಿ ಸೋರಿದ ಪ್ಲಾಸ್ಮಾ ಮರಳುವ ದಾರಿ: ಸ್ಟಾರ್ಲಿಂಗ್ ಸಿದ್ಧಾಂತದ ಮರುಪರಿಶೀಲನೆ

ನರ್ಸಿಂಗ್ ಪಠ್ಯಗಳಲ್ಲಿ ದ್ರವ ಚಿಕಿತ್ಸೆಯ ಪಾಠ ಸಾಮಾನ್ಯವಾಗಿ ಒಂದೇ ಚಿತ್ರದಿಂದ ಶುರುವಾಗುತ್ತದೆ. ಲೋಮನಾಳದ ಅಪಧಮನಿಯ ತುದಿಯಲ್ಲಿ ರಕ್ತದೊತ್ತಡ ಹೆಚ್ಚಿರುವುದರಿಂದ ದ್ರವ ಹೊರಕ್ಕೆ ಹೋಗುತ್ತದೆ. ಅಭಿಧಮನಿಯ ತುದಿಯಲ್ಲಿ ಆಲ್ಬುಮಿನ್‌ನ ಸೆಳೆತ ಮೇಲುಗೈ ಪಡೆದು ಅದರ ಬಹುಪಾಲನ್ನು ಒಳಕ್ಕೆಳೆದುಕೊಳ್ಳುತ್ತದೆ. ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ಮಂಡಿಸಿದ ತತ್ತ್ವದಿಂದ ಬೆಳೆದ ಚಿತ್ರವಿದು. ಇದರ ಎರಡನೆಯ ಅರ್ಧವನ್ನು ಲೆವಿಕ್ ಮತ್ತು ಮೈಕೆಲ್ 2010ರ ವಿಮರ್ಶೆಯಲ್ಲಿ ಅಲ್ಲಗಳೆದರು. ಬಹುತೇಕ ಅಂಗಾಂಶಗಳಲ್ಲಿ ಅಭಿಧಮನಿಯ ತುದಿಯಲ್ಲೂ ದ್ರವ ನಿರಂತರವಾಗಿ ಒಳಬರುವುದಿಲ್ಲ, ಸೋರಿದ್ದು ದುಗ್ಧನಾಳಗಳ ಮೂಲಕವೇ ರಕ್ತಕ್ಕೆ ಮರಳುತ್ತದೆ ಎಂಬುದು ಅವರ ವಾದ. ಡೆಂಗಿ ರೋಗಿಯ ಡ್ರಿಪ್ ನೋಡಿಕೊಳ್ಳುವವರಿಗೆ ಈ ತಿದ್ದುಪಡಿ ನೇರವಾಗಿ ಸಂಬಂಧಿಸಿದ್ದು ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ರೋಗದ ಪ್ರತಿರಕ್ಷಾ ಹಿನ್ನೆಲೆಯ ಬಗ್ಗೆ ಹೆಚ್ಚು ತಕರಾರಿಲ್ಲ. ಮೊದಲ ಸೋಂಕಿನಲ್ಲಿ ಹುಟ್ಟಿದ ಪ್ರತಿಕಾಯಗಳು ಬೇರೊಂದು ಸೀರೋಟೈಪ್‌ನ ವೈರಸ್ಸಿಗೆ ಅಂಟಿಕೊಂಡರೂ ಅದನ್ನು ನಿಷ್ಕ್ರಿಯಗೊಳಿಸಲಾರದೆ, ಮಾನೋಸೈಟ್‌ಗಳೊಳಗೆ ಅದರ ಪ್ರವೇಶವನ್ನೇ ಸುಲಭಗೊಳಿಸಬಲ್ಲವು. ಸೈಟೋಕೈನ್‌ಗಳು ಏರುತ್ತವೆ. ಜ್ವರ ಇಳಿಯುವ ಹೊತ್ತಿಗೆ ಪ್ಲಾಸ್ಮಾ ಸೋರತೊಡಗಿ 24ರಿಂದ 48 ಗಂಟೆ ಮುಂದುವರಿಯುತ್ತದೆ. ಹೆಮಟೋಕ್ರಿಟ್ ಏರುತ್ತದೆ, ಮೇಲಿನ ಮತ್ತು ಕೆಳಗಿನ ರಕ್ತದೊತ್ತಡಗಳ ಅಂತರ ಕಿರಿದಾಗುತ್ತದೆ. ರಕ್ತನಾಳದ ಒಳಮೈಯನ್ನು ಹೊದ್ದಿರುವ ಗ್ಲೈಕೋಕ್ಯಾಲಿಕ್ಸ್ ಎಂಬ ಸಕ್ಕರೆ-ಪ್ರೋಟೀನುಗಳ ತೆಳುಪದರ ಸವೆಯುವುದು ಇದಕ್ಕೊಂದು ಕಾರಣವಿರಬಹುದು. ವೈರಸ್ಸಿನ ಎನ್‌ಎಸ್1 ಪ್ರೋಟೀನು ಆ ಪದರವನ್ನು ಕಡಿಯುವ ಕಿಣ್ವಗಳನ್ನು ಪ್ರಚೋದಿಸುತ್ತದೆಂದು ಈವಾ ಹ್ಯಾರಿಸ್ ಅವರ ಬರ್ಕ್ಲಿ ತಂಡ 2016ರಲ್ಲಿ ತೋರಿಸಿತು. ಆದರೆ ಅದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಕಂಡದ್ದು. ರಕ್ತದಲ್ಲಿ ಎನ್‌ಎಸ್1 ಹೆಚ್ಚಿರುವುದು ಜ್ವರದ ದಿನಗಳಲ್ಲಿ, ಸೋರಿಕೆ ಬಿರುಸಾಗುವುದು ಜ್ವರ ಇಳಿದಾಗ. ಈ ಕಾಲವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ.

ವಿವಾದವಿರುವುದು ಸೋರಿದ ದ್ರವ ಮರಳುವ ಬಗೆಯಲ್ಲಿ. ಹಳೆಯ ಚಿತ್ರವನ್ನು ಒಪ್ಪುವವರ ಕೈಯಲ್ಲಿ ಎರಡು ಬಲವಾದ ಸಾಕ್ಷ್ಯಗಳಿವೆ. ಮೊದಲನೆಯದು ಸ್ಟಾರ್ಲಿಂಗ್ ಅವರದೇ ಪ್ರಯೋಗ: ನಾಯಿಯ ಹಿಂಗಾಲಿನ ಅಂಗಾಂಶಕ್ಕೆ ಚುಚ್ಚಿದ ಲವಣಜಲವನ್ನು ಅಲ್ಲಿ ಹರಿಯುತ್ತಿದ್ದ ರಕ್ತ ಹೀರಿಕೊಂಡಿತು. ಎರಡನೆಯದು ರೋಗಿಯ ಹಾಸಿಗೆಯ ಬಳಿಯೇ ಕಾಣುವಂಥದ್ದು: ಚೇತರಿಕೆಯ ಹಂತದಲ್ಲಿ 48ರಿಂದ 72 ಗಂಟೆಗಳಲ್ಲಿ ಎದೆಗೂಡಿನ ನೀರು ಇಳಿದು ಹೆಮಟೋಕ್ರಿಟ್ ತಗ್ಗುತ್ತದೆ. ಮೊದಲನೆಯದಕ್ಕೆ ಉತ್ತರ 1987ರಲ್ಲಿ ಮೈಕೆಲ್ ಮತ್ತು ಫಿಲಿಪ್ಸ್ ಕಪ್ಪೆಯ ಒಂದೊಂದೇ ಲೋಮನಾಳದ ಮೇಲೆ ನಡೆಸಿದ ಪ್ರಯೋಗದಲ್ಲಿದೆ. ನಾಳದೊಳಗಿನ ಒತ್ತಡವನ್ನು ಪ್ರೋಟೀನಿನ ಸೆಳೆತಕ್ಕಿಂತ ಕೆಳಗಿಳಿಸಿದಾಗ ದ್ರವ ಒಳಕ್ಕೆ ಬಂತು, ನಿಜ. ಆದರೆ ಒತ್ತಡವನ್ನು ಅಲ್ಲೇ ಕೆಲವು ನಿಮಿಷ ಹಿಡಿದಿಟ್ಟಾಗ ಆ ಒಳಹರಿವು ನಿಂತುಹೋಯಿತು. ನೀರು ಒಳಹೋದಂತೆ ಹೊರಗುಳಿದ ಪ್ರೋಟೀನಿನ ಸಾಂದ್ರತೆ ಏರಿ, ಸೆಳೆತದ ವ್ಯತ್ಯಾಸವೇ ಕರಗಿಬಿಡುತ್ತದೆ. ಅಂದರೆ ಮರುಹೀರಿಕೆ ಸುಳ್ಳಲ್ಲ, ಅಲ್ಪಕಾಲಿಕ. ರಕ್ತಸ್ರಾವವಾಗಿ ಲೋಮನಾಳದ ಒತ್ತಡ ಹಠಾತ್ತನೆ ಕುಸಿದಾಗ ಅದು ಜೀವ ಉಳಿಸುತ್ತದೆ. ಮೂತ್ರಪಿಂಡದಂಥ ಕೆಲವು ಅಂಗಗಳಲ್ಲಿ ನಿರಂತರವಾಗಿಯೂ ನಡೆಯುತ್ತದೆ. ಮೂರು ದಿನ ಮುಂದುವರಿಯುವ ಡೆಂಗಿ ಚೇತರಿಕೆಯನ್ನು ಮಾತ್ರ ಅದೊಂದರಿಂದಲೇ ವಿವರಿಸುವುದು ಕಷ್ಟ. ಇನ್ನು ಎರಡನೆಯ ಸಾಕ್ಷ್ಯ. ಎದೆಗೂಡಿನ ಮತ್ತು ಹೊಟ್ಟೆಯ ಪೊರೆಗಳಿಂದ ಪ್ರೋಟೀನುಭರಿತ ದ್ರವ ಹೊರಡುವ ಮುಖ್ಯ ದ್ವಾರ ದುಗ್ಧನಾಳಗಳ ಸೂಕ್ಷ್ಮರಂಧ್ರಗಳೇ. ಹೀಗಾಗಿ ನೀರು ಇಳಿಯಿತೆಂಬ ಸಂಗತಿ ಹಳೆಯ ಚಿತ್ರಕ್ಕಿಂತ ಹೊಸದಕ್ಕೇ ಹೆಚ್ಚು ಹೊಂದುತ್ತದೆ.

ಇಷ್ಟನ್ನು ಒಪ್ಪಿದರೆ, ಆಲ್ಬುಮಿನ್ ಅಥವಾ ಇತರ ಕೊಲಾಯ್ಡ್ ಏರಿಸಿ ಊತದ ನೀರನ್ನು ರಕ್ತನಾಳಕ್ಕೆ ಎಳೆತರಬಹುದೆಂಬ ನಂಬಿಕೆಗೆ ಡೆಂಗಿಯ ಮಟ್ಟಿಗೆ ಶಾರೀರಿಕ ಆಧಾರ ತೆಳುವಾಗುತ್ತದೆ ಎಂಬುದು ನನ್ನ ನಿಲುವು. ಇದನ್ನು ಹೇಳುವಾಗ ಎಚ್ಚರ ಬೇಕು: ಕೊಲಾಯ್ಡ್ ನಿರುಪಯುಕ್ತ ಎಂಬುದು ಇದರ ಅರ್ಥವಲ್ಲ. ಸುಮಾರು 7,000 ತೀವ್ರ ನಿಗಾ ರೋಗಿಗಳಿದ್ದ 2004ರ ಸೇಫ್ ಅಧ್ಯಯನದಲ್ಲಿ ಆಲ್ಬುಮಿನ್ ಗುಂಪಿಗೆ ಸಲೈನ್ ಗುಂಪಿಗಿಂತ ಕಡಿಮೆ ದ್ರವ ಸಾಕಾಯಿತು. ಆದರೆ ಆ ಅನುಪಾತ ಪಠ್ಯಗಳು ಹೇಳುವ ಒಂದಕ್ಕೆ ಮೂರರಷ್ಟಿರಲಿಲ್ಲ, ಒಂದಕ್ಕೆ ಸುಮಾರು 1.4 ಅಷ್ಟೇ, 28 ದಿನಗಳ ಸಾವಿನ ಪ್ರಮಾಣದಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅವರು ಡೆಂಗಿ ರೋಗಿಗಳಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೆ ವಿಯೆಟ್ನಾಮಿನಲ್ಲಿ ವಿಲ್ಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ ಉತ್ತರಿಸುತ್ತದೆ: ಮಧ್ಯಮ ಪ್ರಮಾಣದ ಡೆಂಗಿ ಆಘಾತಕ್ಕೊಳಗಾದ 383 ಮಕ್ಕಳಲ್ಲಿ ರಿಂಗರ್ ಲ್ಯಾಕ್ಟೇಟ್ ಆರಂಭಿಕ ಚಿಕಿತ್ಸೆಯಾಗಿ ಡೆಕ್‌ಸ್ಟ್ರಾನ್ ಮತ್ತು ಸ್ಟಾರ್ಚ್ ದ್ರಾವಣಗಳಿಗೆ ಸಾಟಿಯಾಗಿಯೇ ನಿಂತಿತು.

ವಾರ್ಡಿನಲ್ಲಿ ಇದರ ಪರಿಣಾಮ ಡ್ರಿಪ್‌ನ ವೇಗದ ಮೇಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ, ಅಪಾಯದ ಲಕ್ಷಣಗಳಿದ್ದು ಆಘಾತಕ್ಕೆ ಜಾರದ ರೋಗಿಗೆ ಗಂಟೆಗೆ ಕಿಲೋ ತೂಕಕ್ಕೆ 5–7 ಮಿಲಿಲೀಟರಿನಿಂದ ಆರಂಭಿಸಿ, ಸ್ಥಿತಿ ನೋಡಿಕೊಂಡು 3–5ಕ್ಕೆ, ಅನಂತರ 2–3ಕ್ಕೆ ಇಳಿಸಲು ಹೇಳುತ್ತದೆ. ಸೋರಿದ ದ್ರವವೆಲ್ಲ ದುಗ್ಧನಾಳಗಳ ದಾರಿಯಲ್ಲೇ ಹಿಂದಿರುಗಬೇಕಾದರೆ ಅನಗತ್ಯವಾಗಿ ಏರಿಸಿದ ಪ್ರತಿ ಬಾಟಲಿಯೂ ಆ ಸಾಲಿನಲ್ಲಿ ಕಾಯಬೇಕಾಗುತ್ತದೆ. ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ ಎಲ್ಲವೂ ಸರಿಯಿದ್ದು ಹೆಮಟೋಕ್ರಿಟ್ ಇಳಿಯುತ್ತಿದ್ದರೆ ಅದು ಬಹುಮಟ್ಟಿಗೆ ದ್ರವ ಮರಳುತ್ತಿರುವ ಸೂಚನೆ. ಆಗಲೂ ಡ್ರಿಪ್ ಮುಂದುವರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ. ಅದೇ ಇಳಿಕೆಯ ಜೊತೆ ನಾಡಿ ವೇಗವಾಗಿ ಒತ್ತಡ ಕುಸಿಯುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಒಳರಕ್ತಸ್ರಾವವನ್ನು. ಒಂದೇ ಅಂಕಿ ಎರಡು ವಿರುದ್ಧ ಕ್ರಮಗಳನ್ನು ಬೇಡುವುದರಿಂದ, ದಾದಿಯ ಚಾರ್ಟಿನಲ್ಲಿ ಹೆಮಟೋಕ್ರಿಟ್ ಈ ಉಳಿದ ಗುರುತುಗಳ ಪಕ್ಕದಲ್ಲೇ ಇರಬೇಕು.

ತೀವ್ರ ಆಘಾತದ ಮಕ್ಕಳಿಗೆ ಈ ವಾದವನ್ನು ವಿಸ್ತರಿಸಲು ನಾನು ಹಿಂಜರಿಯುತ್ತೇನೆ. ವಿಲ್ಸ್ ಅಧ್ಯಯನದಲ್ಲಿ ಅಂಥ 129 ಮಕ್ಕಳಿಗೆ ಎರಡು ಕೊಲಾಯ್ಡ್‌ಗಳಲ್ಲಿ ಒಂದನ್ನು ಕೊಡಲಾಯಿತೇ ಹೊರತು ರಿಂಗರ್ ಲ್ಯಾಕ್ಟೇಟನ್ನು ಹೋಲಿಸಲಿಲ್ಲ. ಒತ್ತಡಗಳ ಅಂತರ 10 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದಾಗ ಕೊಲಾಯ್ಡ್‌ಗೆ ಆದ್ಯತೆ ಕೊಡಬಹುದೆಂಬ ಮಾರ್ಗಸೂಚಿಯ ಮಾತನ್ನು ಅಲ್ಲಗಳೆಯಲು ಆ ಅಧ್ಯಯನ ಸಾಲದು, ಸಮರ್ಥಿಸಲೂ ಸಾಲದು.