ಚಂಡಮಾರುತ ಮತ್ತು ಸರಕಾರ: ಬಾಂಗ್ಲಾದೇಶ ಕಲಿತ ಪಾಠ

ಪ್ರಕೃತಿ ವಿಕೋಪದಲ್ಲಿ ಜನ ಸತ್ತಾಗ ವಿಧಿಬರಹ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುವುದು ಸುಲಭ. ಗಾಳಿ ಬೀಸುವುದು ನಮ್ಮ ಕೈಯಲ್ಲಿಲ್ಲ, ನಿಜ. ಅದಕ್ಕೆ ಎಷ್ಟು ಜನ ಬಲಿಯಾಗಬೇಕೆಂಬುದು ಮಾತ್ರ ಬಹುಮಟ್ಟಿಗೆ ಆಳುವವರ ಕೈಯಲ್ಲೇ ಇದೆ. ಬಾಂಗ್ಲಾದೇಶದ ಚರಿತ್ರೆ ಇದಕ್ಕೆ ಸಾಕ್ಷಿ.

1970ರ ನವೆಂಬರ್ 12ರ ರಾತ್ರಿ ಆಗಿನ ಪೂರ್ವ ಪಾಕಿಸ್ತಾನದ ಭೋಲಾ ದ್ವೀಪ ಹಾಗೂ ಸುತ್ತಲಿನ ಕರಾವಳಿಗೆ ಚಂಡಮಾರುತ ಅಪ್ಪಳಿಸಿತು. ಸತ್ತವರು ಮೂರರಿಂದ ಐದು ಲಕ್ಷವೆಂದು ಅಂದಾಜು. ರೇಡಿಯೋದಲ್ಲಿ ಎಚ್ಚರಿಕೆ ಬಂದಿತ್ತು, ಬಹಳ ಜನರ ಕಿವಿಗೂ ಬಿದ್ದಿತ್ತು. ಆದರೆ ಹುಲ್ಲುಗುಡಿಸಲಿನ ಬಡವ ಓಡಿಹೋಗಿ ನಿಲ್ಲಲು ಗಟ್ಟಿಯಾದ ಒಂದು ಕಟ್ಟಡವಾದರೂ ಬೇಕಲ್ಲ? ಯಾಹ್ಯಾ ಖಾನರ ಸರಕಾರದ ಪರಿಹಾರ ಕಾರ್ಯ ಕುಂಟುತ್ತ ಸಾಗಿತು. ಬಳಿಕ ನಡೆದ ಚುನಾವಣೆಯಲ್ಲಿ ಪೂರ್ವ ಭಾಗದ 162 ಸ್ಥಾನಗಳ ಪೈಕಿ 160 ಅವಾಮಿ ಲೀಗಿನ ಪಾಲಾದವು. ಭಾಷೆ, ಸ್ವಾಯತ್ತತೆಯ ಹಳೆಯ ಆಕ್ರೋಶಕ್ಕೆ ಈ ಅಸಡ್ಡೆಯ ನೋವೂ ಸೇರಿಕೊಂಡಿತ್ತು. ಮರುವರ್ಷ ದೇಶವೇ ಎರಡಾಯಿತು.

ಯುದ್ಧದಿಂದ ಜರ್ಝರಿತವಾಗಿದ್ದ ಹೊಸ ದೇಶ 1972-73ರಲ್ಲೇ ರೆಡ್ ಕ್ರಾಸ್ ಜೊತೆಗೂಡಿ ಚಂಡಮಾರುತ ಪೂರ್ವಸಿದ್ಧತಾ ಕಾರ್ಯಕ್ರಮವನ್ನು ಕಟ್ಟಿತು. ಆಯಾ ಊರಿನವರೇ ಅದರ ಸ್ವಯಂಸೇವಕರು. ವಯರ್‌ಲೆಸ್‌ನಲ್ಲಿ ಬಂದ ಸುದ್ದಿಯನ್ನು ಅವರು ಬಾವುಟ ಏರಿಸಿ, ಕೈಸೈರನ್ ತಿರುಗಿಸಿ, ಮೆಗಾಫೋನಿನಲ್ಲಿ ಕೂಗಿ ಮನೆಮನೆಗೆ ಮುಟ್ಟಿಸುತ್ತಾರೆ. ಮಸೀದಿಗಳ ಮೈಕುಗಳೂ ಈ ಕೆಲಸಕ್ಕೆ ಒದಗುತ್ತವೆ. ಜನ, ಜಾನುವಾರು ಏರಿ ನಿಲ್ಲಲು ಮಣ್ಣಿನ ಎತ್ತರದ ದಿಬ್ಬಗಳೂ ಎದ್ದವು. ಜನ ಅವುಗಳನ್ನು ‘ಮುಜೀಬ್ ಕಿಲ್ಲಾ’ ಎಂದು ಕರೆದರು.

ಇಷ್ಟರಿಂದಲೇ ಎಲ್ಲವೂ ಸರಿಹೋಗಲಿಲ್ಲ. 1991ರ ಏಪ್ರಿಲ್ 29ರಂದು ಮತ್ತೆ ಸುಮಾರು 1,40,000 ಜನ ಸತ್ತರು. ಆಶ್ರಯ ಕೇಂದ್ರಗಳು ಸಾಲಲಿಲ್ಲ. ಗಂಡಸರಿಗಿಂತ ಹೆಂಗಸರೇ ಬಹಳ ಹೆಚ್ಚು ಸತ್ತಿದ್ದರು. ಮಕ್ಕಳನ್ನು, ಮುದುಕರನ್ನು ಬಿಟ್ಟು ಓಡಲಾಗದವಳು, ಗಂಡ ಬರಲೆಂದು ಕಾದವಳು, ಅಪರಿಚಿತ ಗಂಡಸರ ನಡುವೆ ರಾತ್ರಿ ಕಳೆಯಲು ಅಂಜಿದವಳು ಮನೆಯಲ್ಲೇ ಉಳಿದಳು. ಕೇಂದ್ರಗಳಲ್ಲಿ ಹೆಂಗಸರಿಗೆ ಪ್ರತ್ಯೇಕ ಕೋಣೆ, ಶೌಚಾಲಯ ಬೇಕೆಂಬುದು ಯೋಜನೆ ರೂಪಿಸಿದವರಿಗೆ ಮನದಟ್ಟಾಗಲು ಇಷ್ಟು ಹೆಣಗಳು ಬೀಳಬೇಕಾಯಿತು.

ಅಲ್ಲಿಂದ ಮುಂದೆ ಸಾವಿರಾರು ಆಶ್ರಯ ಕೇಂದ್ರಗಳು ಬಂದವು. ಅವುಗಳಲ್ಲಿ ಹಲವು ಉಳಿದ ದಿನಗಳಲ್ಲಿ ಶಾಲೆಗಳು. 2012ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆಯೂ ಬಂತು. ಇಂದು ಸ್ವಯಂಸೇವಕರು 70 ಸಾವಿರಕ್ಕೂ ಹೆಚ್ಚು, ಅವರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರು. 2007ರ ಭೀಕರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. 2020ರಲ್ಲಿ ಅಂಫಾನ್ ಬಂದಾಗ, ಕೊರೋನಾ ಕಾಲದಲ್ಲೂ 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು. ಆ ದೇಶದಲ್ಲಿ ಸಾವು ಕೆಲವು ಹತ್ತುಗಳನ್ನು ಮೀರಲಿಲ್ಲ.

ಹಾಗೆಂದು ಜೀವ ಉಳಿದವರ ಬದುಕೂ ಉಳಿಯಿತೆನ್ನುವಂತಿಲ್ಲ. 2009ರ ಐಲಾ ಚಂಡಮಾರುತಕ್ಕೆ ಒಡ್ಡುಗಳು ಒಡೆದು ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಒಡ್ಡಿನ ಮೇಲೆಯೇ ದಿನದೂಡಿದವು. ಗಾಳಿ ನಿಂತ ಮೇಲೆ ಅವರು ಏನು ಉಣ್ಣಬೇಕು, ಯಾವ ನೀರು ಕುಡಿಯಬೇಕು ಎಂಬುದಕ್ಕೂ ಸರಕಾರದ ಯೋಜನೆಯಲ್ಲಿ ಉತ್ತರವಿರಬೇಕು.