ಮೂತ್ರಪಿಂಡದ ದಾನ ಮತ್ತು ವಿನಿಮಯ: ಒಂದು ಚಾರಿತ್ರಿಕ ವಿವೇಚನೆ

ದಾನವು ಪ್ರತಿಫಲವನ್ನು ಬಯಸದು. ವಿನಿಮಯವು ಪ್ರತಿಫಲವಿಲ್ಲದೆ ನಡೆಯದು. ಪರಸ್ಪರ ವಿರುದ್ಧವಾದ ಈ ಎರಡು ಭಾವನೆಗಳು ಆಧುನಿಕ ವೈದ್ಯದ ಚರಿತ್ರೆಯಲ್ಲಿ ಒಂದೆಡೆ ಕೂಡಿದ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜೀವಂತ ದಾನಿಯಿಂದ ಪಡೆದ ಮೂತ್ರಪಿಂಡದ ಕಸಿಯು ಮೊದಲು ನಿಜವಾಗಿ ಫಲಿಸಿದುದು 1954ರ ಡಿಸೆಂಬರ್ 23ರಂದು, ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ. ಶಸ್ತ್ರವೈದ್ಯರು ಜೋಸೆಫ್ ಮರ್ರೆಯವರು. ದಾನಿಯೂ ರೋಗಿಯೂ ಏಕರೂಪದ ಅವಳಿ ಸೋದರರಾಗಿದ್ದುದರಿಂದ ರೋಗಿಯ ದೇಹವು ಹೊಸ ಅಂಗವನ್ನು ತಿರಸ್ಕರಿಸಲಿಲ್ಲ. ಮುಂದೆ ಬಂದ ಔಷಧಗಳು, ವಿಶೇಷವಾಗಿ 1980ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಸ್ಪೋರಿನ್, ರಕ್ತಸಂಬಂಧದ ಈ ಮಿತಿಯನ್ನು ಸಡಿಲಿಸಿದುವು. ಆದರೂ ಪತ್ನಿಯು ಕೊಡಲು ಸಿದ್ಧಳಿದ್ದು, ಪತಿಯ ರಕ್ತದ ಗುಂಪಿಗೆ ಆಕೆಯದು ಹೊಂದದಿದ್ದರೆ ದಾನವು ನಿಂತುಹೋಗುತ್ತಿತ್ತು.

ಅಂತಹ ಎರಡು ಜೋಡಿಗಳ ದಾನಿಗಳನ್ನು ಅದಲುಬದಲು ಮಾಡಬಹುದೆಂದು 1986ರಲ್ಲಿ ಫೆಲಿಕ್ಸ್ ರಾಪಪೋರ್ಟ್ ಅವರು ಸೂಚಿಸಿದರು. 1991ರಲ್ಲಿ ದಕ್ಷಿಣ ಕೊರಿಯದಲ್ಲಿಯೂ 1999ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿಯೂ ಇದು ಕಾರ್ಯರೂಪಕ್ಕೆ ಬಂದಿತು. 2004ರಲ್ಲಿ ಆಲ್ವಿನ್ ರಾತ್ ಮತ್ತು ಸಂಗಡಿಗರು ಹೆಚ್ಚು ಜೋಡಿಗಳನ್ನು ಹೊಂದಿಸುವ ಗಣಿತಕ್ರಮವನ್ನು ಪ್ರಕಟಿಸಿದರು.

ಇಲ್ಲಿ ಎರಡು ತೊಡಕುಗಳಿದ್ದುವು. ಅಂಗಕ್ಕೆ ಅಂಗವನ್ನು ಪಡೆಯುವುದು ಮಾರಾಟವೇ ಎಂಬುದು ಮೊದಲನೆಯದು. ಅಂಗದ ಕ್ರಯವಿಕ್ರಯವನ್ನು 1984ರಲ್ಲಿ ನಿಷೇಧಿಸಿದ್ದ ಅಮೆರಿಕವು, ವಿನಿಮಯಕ್ಕೆ ಆ ನಿಷೇಧವು ಅನ್ವಯಿಸದೆಂದು 2007ರ ಶಾಸನದಿಂದ ಸ್ಪಷ್ಟಪಡಿಸಿತು. ಎರಡನೆಯದು ವಿಶ್ವಾಸದ ಪ್ರಶ್ನೆ. ತನ್ನವರಿಗೆ ಅಂಗವು ದೊರೆತ ಬಳಿಕ ದಾನಿಯೊಬ್ಬನು ಹಿಂಜರಿದರೆ, ಅವನನ್ನು ಬಲವಂತಪಡಿಸುವ ಅಧಿಕಾರವು ಯಾವ ನ್ಯಾಯಾಲಯಕ್ಕೂ ಇರಲಾರದು. ಆದುದರಿಂದ ಎರಡು ಜೋಡಿಗಳಿಗೆ ನಾಲ್ಕು ಶಸ್ತ್ರಚಿಕಿತ್ಸೆಗಳನ್ನು ಏಕಕಾಲದಲ್ಲಿ ನಡೆಸುವುದು ರೂಢಿಯಾಯಿತು.

ಈ ಕಟ್ಟನ್ನು ಬಿಡಿಸಿದವನು ಅಪರಿಚಿತ ದಾನಿ. ಯಾರನ್ನೂ ಉದ್ದೇಶಿಸದೆ ಅವನು ಕೊಟ್ಟ ಅಂಗವು ಒಂದು ಜೋಡಿಯ ರೋಗಿಗೆ ಸಲ್ಲುತ್ತದೆ. ಆ ಜೋಡಿಯ ದಾನಿಯು ಮುಂದಿನ ಜೋಡಿಗೆ ಕೊಡುತ್ತಾನೆ. ಪ್ರತಿಯೊಬ್ಬರೂ ಮೊದಲು ಪಡೆದು ಅನಂತರ ಕೊಡುವುದರಿಂದ, ಸರಣಿಯು ನಡುವೆ ಕಡಿದರೂ ಕಾದಿರುವ ರೋಗಿಯು ತನ್ನ ದಾನಿಯನ್ನು ಕಳೆದುಕೊಳ್ಳುವುದಿಲ್ಲ. 2007ರ ಜುಲೈಯಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯಿಂದ ಆರಂಭವಾದ ಸರಣಿಯು 8 ತಿಂಗಳಲ್ಲಿ 10 ಕಸಿಗಳಿಗೆ ಕಾರಣವಾಯಿತು.

ಭಾರತದ ಮಾರ್ಗವು ಭಿನ್ನ. ಬಡವರ ಮೂತ್ರಪಿಂಡಗಳ ವ್ಯಾಪಾರವನ್ನು ತಡೆಯಲು 1994ರ ಕಾಯಿದೆಯು ಹುಟ್ಟಿತು. 2011ರ ತಿದ್ದುಪಡಿಯು ವಿನಿಮಯವನ್ನು ಅಂಗೀಕರಿಸಿತಾದರೂ, ಪ್ರತಿ ಜೋಡಿಯೂ ಸಮೀಪಬಂಧುಗಳದಾಗಿರಬೇಕೆಂದೂ ಅಧಿಕೃತ ಸಮಿತಿಯ ಪೂರ್ವಾನುಮತಿ ಬೇಕೆಂದೂ ವಿಧಿಸಿತು. ಅಪರಿಚಿತನ ಔದಾರ್ಯದ ವೇಷದಲ್ಲಿ ಹಣವು ಬರಬಹುದೆಂಬ ಇಲ್ಲಿನ ಶಂಕೆಯು ನಿರಾಧಾರವಲ್ಲ; ಆದರೆ ಆ ಶಂಕೆಯ ಬೆಲೆಯನ್ನು ತೆರುವವನು ಕಾದಿರುವ ರೋಗಿ. ವಿನಿಮಯವು ವಿಸ್ತಾರಗೊಳ್ಳಬೇಕಾದರೆ ಅದರ ಮೊದಲಲ್ಲಿ ಶುದ್ಧವಾದ ದಾನವೊಂದು ಇರಬೇಕು ಎಂಬುದೇ ಈ ಚರಿತ್ರೆಯಿಂದ ತಿಳಿದುಬರುವ ಅಂಶ. ಅದನ್ನು ಮಾರಾಟದಿಂದ ಬೇರ್ಪಡಿಸಿ ಗುರುತಿಸಬಲ್ಲ ವ್ಯವಸ್ಥೆಯನ್ನು ಕಟ್ಟುವುದು ನಮ್ಮ ಶಾಸನದ ಮುಂದಿರುವ ಕಾರ್ಯ.