ಜಮೀನು ದಾವೆಗಳಲ್ಲಿ ತಡೆಯಾಜ್ಞೆ ತೆರವು: ಕಾನೂನು ನಡೆದುಬಂದ ದಾರಿ

ಜಮೀನಿನ ಒಡೆತನದ ದಾವೆ ಇತ್ಯರ್ಥವಾಗುವವರೆಗೆ ದಾವಾ ಸ್ವತ್ತನ್ನು ಮಾರದಂತೆ, ಅದರಲ್ಲಿ ಕಟ್ಟಡ ಎಬ್ಬಿಸದಂತೆ, ಅನುಭವದಲ್ಲಿರುವವರನ್ನು ಹೊರಹಾಕದಂತೆ ಸಿವಿಲ್ ನ್ಯಾಯಾಲಯ ನೀಡುವ ಆದೇಶವೇ ತಾತ್ಕಾಲಿಕ ತಡೆಯಾಜ್ಞೆ. ಇದರಿಂದ ಯಾರ ಹಕ್ಕೂ ತೀರ್ಮಾನವಾಗುವುದಿಲ್ಲ. ಆದರೂ ದಾವೆ ವರ್ಷಗಟ್ಟಲೆ ಎಳೆದಾಗ, ತಡೆ ಪಡೆದವರಿಗೆ ತೀರ್ಪು ಬರುವ ಮೊದಲೇ ಅರ್ಧ ಗೆಲುವು ಸಿಕ್ಕಂತಾಗುತ್ತದೆ. ಆದ್ದರಿಂದ ತಡೆ ಕೊಡುವ ಅಧಿಕಾರದ ಜೊತೆಜೊತೆಗೇ ಅದನ್ನು ತೆರವುಗೊಳಿಸುವ ನಿಯಮಗಳೂ ಬೆಳೆದವು.

ತಡೆಯಾಜ್ಞೆಯ ಮೂಲ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯ. ಭಾರತದಲ್ಲಿ 1859ರ ಸಿವಿಲ್ ಪ್ರಕ್ರಿಯಾ ಸಂಹಿತೆ ಅದಕ್ಕೆ ಲಿಖಿತ ರೂಪ ಕೊಟ್ಟಿತು. ತಡೆಯಿಂದ ಬಾಧಿತರಾದವರು ಅರ್ಜಿ ಸಲ್ಲಿಸಿದರೆ ನ್ಯಾಯಾಲಯ ಅದನ್ನು ರದ್ದುಪಡಿಸಬಹುದು ಅಥವಾ ಮಾರ್ಪಡಿಸಬಹುದು ಎಂದು 1882ರ ಸಂಹಿತೆಯ 496ನೇ ಕಲಂ ಹೇಳಿತು. 1908ರ ಸಂಹಿತೆಯಲ್ಲಿ ಇದೇ 39ನೇ ಆದೇಶದ 4ನೇ ನಿಯಮವಾಯಿತು. ಇಂದಿಗೂ ತೆರವಿನ ಅರ್ಜಿ ಸಲ್ಲುವುದು ಈ ನಿಯಮದಡಿಯಲ್ಲೇ.

ಮೇಲ್ನೋಟಕ್ಕೆ ವಾದಿಯ ಪರವಾಗಿ ಪ್ರಕರಣ ಇದೆಯೇ, ತಡೆ ಇಲ್ಲದಿದ್ದರೆ ತುಂಬಲಾರದ ನಷ್ಟವಾದೀತೇ, ಅನುಕೂಲ ಅನನುಕೂಲಗಳನ್ನು ತೂಗಿದರೆ ಯಾರ ಕಡೆ ವಾಲುತ್ತದೆ ಎಂಬ ಮೂರು ಪ್ರಶ್ನೆಗಳು ತೀರ್ಪುಗಳ ಮೂಲಕ ನೆಲೆನಿಂತವು. ತೆರವು ಕೋರುವ ಪ್ರತಿವಾದಿ ಇವುಗಳಲ್ಲಿ ಯಾವುದಾದರೂ ಒಂದನ್ನು ಅಲುಗಾಡಿಸಬೇಕು. ಕರ್ನಾಟಕದ ದಾವೆಗಳಲ್ಲಿ ಜಮೀನಿನ ಹಕ್ಕುದಾಖಲೆಯಾದ ಪಹಣಿಗೆ ಹೆಚ್ಚಿನ ತೂಕ ಬಂದದ್ದು ಹೀಗೆ. 1964ರ ಭೂ ಕಂದಾಯ ಅಧಿನಿಯಮದ 133ನೇ ಕಲಂ ಪ್ರಕಾರ, ತಪ್ಪೆಂದು ಸಾಬೀತಾಗುವವರೆಗೆ ಹಕ್ಕುದಾಖಲೆಯ ನಮೂದು ನಿಜವೆಂದೇ ಭಾವಿಸಬೇಕು.

ತೆರವಿನ ಇತಿಹಾಸದಲ್ಲಿ ಕರ್ನಾಟಕಕ್ಕೆ ವಿಶಿಷ್ಟವಾದ ಅಧ್ಯಾಯವೊಂದಿದೆ. 1961ರ ಭೂಸುಧಾರಣಾ ಅಧಿನಿಯಮಕ್ಕೆ 1974ರಲ್ಲಿ ಬಂದ ತಿದ್ದುಪಡಿ, ಗೇಣಿ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿ, ಉಳುವವರು ಭೂ ನ್ಯಾಯಮಂಡಳಿಯ ಮುಂದೆ ಅಧಿಭೋಗದ ಹಕ್ಕು ಕೇಳಲು ಅವಕಾಶ ಮಾಡಿತು. ಸಿವಿಲ್ ದಾವೆಯಲ್ಲಿ ಗೇಣಿಯ ಪ್ರಶ್ನೆ ಎದ್ದರೆ ಅದನ್ನು ಮಂಡಳಿಗೆ ಒಪ್ಪಿಸಬೇಕೆಂದು ಆ ಅಧಿನಿಯಮದ 133ನೇ ಕಲಂ ವಿಧಿಸಿತು. ಅಷ್ಟೇ ಅಲ್ಲ, ಆ ಜಮೀನಿನ ಮೇಲೆ ಸಿವಿಲ್ ನ್ಯಾಯಾಲಯ ನೀಡಿದ್ದ ತಾತ್ಕಾಲಿಕ ತಡೆಗಳು ತಾವಾಗಿಯೇ ತೆರವಾಗುತ್ತವೆಂದೂ ಹೇಳಿತು. ಸಾಮಾನ್ಯವಾಗಿ ಅರ್ಜಿ ಹಾಕಿ ಪಡೆಯಬೇಕಾದ ತೆರವನ್ನು ಇಲ್ಲಿ ಕಾನೂನೇ ಕೊಟ್ಟಿತು. ಮಧ್ಯಂತರ ಆದೇಶ ನೀಡುವ ಅಧಿಕಾರ ಮಂಡಳಿಗೆ ಬಂತು.

ದೇಶಮಟ್ಟದಲ್ಲಿ ದೊಡ್ಡ ಬದಲಾವಣೆ ತಂದದ್ದು, 1977ರ ಫೆಬ್ರವರಿ 1ರಂದು ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 1976ರ ತಿದ್ದುಪಡಿ. ಎದುರಾಳಿಗೆ ನೋಟಿಸ್ ಕೊಡದೆ ತಡೆ ನೀಡುವ ನ್ಯಾಯಾಲಯ ಅದಕ್ಕೆ ಕಾರಣ ಬರೆಯಬೇಕಾಯಿತು. ಅಂಥ ಅರ್ಜಿಯನ್ನು 30 ದಿನಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕಾಯಿತು. ಮುಖ್ಯ ಸಂಗತಿಯಲ್ಲಿ ತಿಳಿದೂ ತಿಳಿದೂ ಸುಳ್ಳು ಹೇಳಿ ಏಕಪಕ್ಷೀಯ ತಡೆ ಪಡೆದಿದ್ದರೆ, ನ್ಯಾಯದ ಹಿತದೃಷ್ಟಿಯಿಂದ ಅಗತ್ಯವಿಲ್ಲವೆಂದು ಕಾರಣ ದಾಖಲಿಸದ ಹೊರತು, ಅದನ್ನು ತೆರವುಗೊಳಿಸಲೇಬೇಕು. ಇನ್ನೊಂದೆಡೆ, ಎರಡೂ ಕಡೆಯ ವಾದ ಕೇಳಿ ನೀಡಿದ ತಡೆಯನ್ನು ಸನ್ನಿವೇಶ ಬದಲಾಗಿದ್ದರೆ ಅಥವಾ ಪ್ರತಿವಾದಿಗೆ ಮಿತಿಮೀರಿದ ಕಷ್ಟವಾಗಿದ್ದರೆ ಮಾತ್ರ ತೆಗೆಯಬಹುದು.

30 ದಿನಗಳ ನಿಯಮ ಎಷ್ಟೋ ಕಡೆ ಕಾಗದದಲ್ಲೇ ಉಳಿಯಿತು. ಅವಧಿ ಮೀರಿಯೂ ಅರ್ಜಿ ಇತ್ಯರ್ಥವಾಗದಿದ್ದರೆ, ಏಕಪಕ್ಷೀಯ ತಡೆಯ ವಿರುದ್ಧ ಮೇಲ್ಮನವಿ ಹೋಗಬಹುದೆಂದು 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾಕಷ್ಟು ಆಧಾರವಿಲ್ಲದೆ ತಡೆ ತಂದವರಿಂದ ಸಂಹಿತೆಯ 95ನೇ ಕಲಮಿನಡಿ ಸಿಗುವ ಪರಿಹಾರದ ಮಿತಿ 1,000 ರೂಪಾಯಿಯಿಂದ 50,000ಕ್ಕೆ ಏರಿದ್ದು 2002ರಲ್ಲಿ.

ವಿಚಾರಣೆಗೇ ತಡೆ ಬಿದ್ದ ಪ್ರಕರಣಗಳ ದಾರಿ ಬೇರೆ. ಮುಂದುವರಿಸಲು ಕಾರಣಸಹಿತ ಆದೇಶವಿಲ್ಲದಿದ್ದರೆ ಅಂಥ ತಡೆ ಆರು ತಿಂಗಳಿಗೆ ಮುಗಿಯುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಹೈಕೋರ್ಟ್ ನೀಡಿದ ತಡೆ ಕಾಲ ಕಳೆದ ಮಾತ್ರಕ್ಕೆ ತಾನಾಗಿ ಬಿದ್ದುಹೋಗದು ಎಂದು 2024ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಳ್ಳಿಹಾಕಿತು. ತಡೆ ಪಡೆದವರ ಮಾತನ್ನೂ ಕೇಳಿಯೇ ಅದನ್ನು ತೆಗೆಯಬೇಕೆಂಬುದು ಈ ತೀರ್ಪಿನ ಸಾರ.